ಬಯಾಲಜಿ ಬಾಯಿಪಾಠವಾ, ಅರ್ಥವಾಗಿದೆಯಾ? ಮನೆಯಲ್ಲೇ ನೋಡುವುದು ಹೇಗೆ?

ಸಾಗರದಿಂದ ಒಬ್ಬ ತಾಯಿ: ಮಗಳು ದ್ವಿತೀಯ ಪಿಯುಸಿ. ಕಾಲೇಜಿನ ಟೆಸ್ಟ್‌ಗಳಲ್ಲಿ ಬಯಾಲಜಿಗೆ ಒಳ್ಳೆಯ ಅಂಕ ಬರುತ್ತದೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ತಡವರಿಸುತ್ತಾಳೆ. ನಿಜವಾಗಿ ಅರ್ಥವಾಗಿದ್ದೆಷ್ಟು ಅಂತ ತಿಳಿಯುವುದು ಹೇಗೆ? ನಾನು ಓದಿದ್ದು ಬಿಕಾಂ.

ತೀರ್ಥಹಳ್ಳಿಯ ಉಪನ್ಯಾಸಕಿ: ಬಿಕಾಂ ಆಗಿದ್ದೇ ಅನುಕೂಲ ಅಕ್ಕಾ. ನಿಮಗೆ ಗೊತ್ತಿಲ್ಲ ಅಂತಾದರೆ ಅವಳು ಬಿಡಿಸಿ ಹೇಳಲೇಬೇಕು. ಪುಸ್ತಕದ ಉದಾಹರಣೆ ಬಿಟ್ಟು ತೋಟದ್ದನ್ನು ಕೇಳಿ. ಸಾಗುವಾನಿ ಕಡಿದರೆ ಉಂಗುರ ಕಾಣುತ್ತದೆ, ಅಡಿಕೆ ಮರ ಕಡಿದರೆ ಯಾಕಿಲ್ಲ? ಏಕದಳ ಸಸ್ಯದ ಲಕ್ಷಣ ಬರೆಯಿರಿ ಅಂದರೆ ಪುಟಗಟ್ಟಲೆ ಬರೆಯುವವರು ಇಲ್ಲಿ ಸುಮ್ನೆ ಕೂರುತ್ತಾರೆ. ಅಡಿಕೆ ಏಕದಳ, ಅದರ ಕಾಂಡದಲ್ಲಿ ಹೊಸ ಕಟ್ಟಿಗೆ ಹುಟ್ಟಿಸುವ ಕೇಂಬಿಯಂ ಪದರ ಇಲ್ಲ, ವರ್ಷ ವರ್ಷ ಹೊಸ ಕಟ್ಟಿಗೆ ಪದರ ಕೂರುವುದಿಲ್ಲ. ಅಷ್ಟು ಬಂದರೆ ಸಾಕು.

ಇನ್ನೊಂದು ಕೇಳಿ. ಇಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು? ಮಣ್ಣು, ಗೊಬ್ಬರ ಅನ್ನುವವರೇ ಜಾಸ್ತಿ. ಒಣಗಿದ ಕಟ್ಟಿಗೆಯ ಬಹುಪಾಲು ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ ಆದದ್ದು. ದ್ಯುತಿಸಂಶ್ಲೇಷಣೆಯ ಸಮೀಕರಣ ತಪ್ಪಿಲ್ಲದೆ ಬರೆದವರೂ ಇಲ್ಲಿ ಜಾರುತ್ತಾರೆ.

ಸೊರಬದಿಂದ: ಮಂಗನ ಕಾಯಿಲೆ ಬಗ್ಗೆ ಕೇಳಿ ನೋಡಿ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಗುರುತಿಸಿದ್ದು. ಕಾಯಿಲೆ ತರುವುದು ಯಾವುದು (ವೈರಸ್), ಹರಡುವುದು ಯಾವುದು (ಉಣುಗು)? ಆ್ಯಂಟಿಬಯಾಟಿಕ್ ಕೊಟ್ಟರೆ ವೈರಸ್ ಯಾಕೆ ಸಾಯುವುದಿಲ್ಲ? ಉಣುಗನ್ನು ಕೀಟ ಅಂದರೆ ಕಾಲು ಎಣಿಸಲು ಹೇಳಿ. ಬೆಳೆದದ್ದಕ್ಕೆ ಎಂಟು, ಅದು ಜೇಡದ ಬಳಗ. ಮರಿಗೆ ಆರೇ ಕಾಲು. ಅದನ್ನು ಹಿಡಿದು ನಿಮ್ಮ ಜೊತೆ ವಾದಕ್ಕೆ ನಿಂತರೆ ಹುಡುಗಿಯ ಬಗ್ಗೆ ಚಿಂತೆ ಬೇಡ!

ಶಿವಮೊಗ್ಗದ ಎಂಬಿಬಿಎಸ್ ವಿದ್ಯಾರ್ಥಿ: ಎಲ್ಲ ಸರಿ, ಆದರೆ ಬಾಯಿಪಾಠವನ್ನು ಬೈಯಬೇಡಿ ಆಂಟಿ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಬಯಾಲಜಿಯವು. ಎನ್‌ಸಿಇಆರ್‌ಟಿ ಪಠ್ಯಪುಸ್ತಕದ ಸಾಲು ನೆನಪಿರಲೇಬೇಕು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಳೆಯುತ್ತಾರೆ. ನಾನು ಪ್ರತಿ ಉತ್ತರದ ಪಕ್ಕ 'ಖಂಡಿತ' ಅಥವಾ 'ಅಂದಾಜು' ಅಂತ ಬರೆಯುತ್ತಿದ್ದೆ. 'ಅಂದಾಜು' ತಪ್ಪಾದರೆ ಇನ್ನೊಮ್ಮೆ ಓದಿದರಾಯಿತು. 'ಖಂಡಿತ' ಅಂತ ಬರೆದೂ ತಪ್ಪಾಗಿದ್ದರೆ ತಲೆಯಲ್ಲಿ ಏನೋ ಉಲ್ಟಾ ಕೂತಿದೆ ಅಂತ ಅರ್ಥ, ಅದನ್ನು ಮೊದಲು ಹಿಡಿಯಬೇಕು. ಸರಿಯಾದದ್ದನ್ನು ಆರಿಸಿದ ಮೇಲೂ ಉಳಿದ ಮೂರು ಯಾಕೆ ತಪ್ಪು ಅಂತ ಹೇಳಿಸಿ. ಬೇಜಾರಾಗುತ್ತದೆ, ಆದರೆ ಕೆಲಸ ಮಾಡುತ್ತದೆ.

ಸಾಗರದ ತಾಯಿ: ಅಪ್ಪೆಮಿಡಿ ಉಪ್ಪಿಗೆ ಹಾಕುವಾಗ ಕೇಳಿದೆ, ನೀರು ಯಾಕೆ ಬಿಡುತ್ತದೆ ಅಂತ. 'ಆಸ್ಮೋಸಿಸ್' ಅಂದಳು, ಎದ್ದು ಹೋದಳು.

ತೀರ್ಥಹಳ್ಳಿಯ ಉಪನ್ಯಾಸಕಿ: ಹೆಸರು ಹೇಳಿ ತಪ್ಪಿಸಿಕೊಳ್ಳಲು ಬಿಡಬೇಡಿ ಅಕ್ಕಾ. ನೀರು ಎಲ್ಲಿಂದ ಎಲ್ಲಿಗೆ ಹೋಯಿತು, ಮಿಡಿ ಯಾಕೆ ಸುಕ್ಕಾಯಿತು ಅಂತ ಚಿತ್ರ ಬರೆಸಿ. ಆಮೇಲೆ ಕೇಳಿ: ಅದೇ ಉಪ್ಪುನೀರಿನಲ್ಲಿ ಮಿಡಿ ಕೆಡಿಸುವ ಬ್ಯಾಕ್ಟೀರಿಯಾ ಬಿದ್ದರೆ ಅದರ ಗತಿ ಏನು?