ಪ್ರೇರಿ ವಾಲಂಟಿಯರಿಂಗ್‌ಗೆ ಹೋಗಿರೋರು ಯಾರಾದ್ರೂ ಇದ್ದೀರಾ? (ಶಿಕಾಗೋ ಸಬರ್ಬ್ಸ್)

ಬೆಣ್ಣೆದೋಸೆ (ಕೇಳಿದ್ದು):

ಎಲ್ಲರಿಗೂ ನಮಸ್ಕಾರ. ನಾವು ಅರೋರಾಗೆ ಬಂದು ಎಂಟು ತಿಂಗಳಾಯ್ತು. ಮನೆ ಹಿಂದೆ ಕೌಂಟಿಯವರು (ಇಲ್ಲಿನ ಜಿಲ್ಲೆ ಥರ) ಕಾಯ್ದಿಟ್ಟಿರೋ ಫಾರೆಸ್ಟ್ ಪ್ರಿಸರ್ವ್‌ದು ದೊಡ್ಡ ಹುಲ್ಲುಗಾವಲಿದೆ, ಇಲ್ಲಿ ಅದಕ್ಕೆ ಪ್ರೇರಿ ಅಂತಾರೆ, ಸಂಜೆ ಅಲ್ಲೇ ವಾಕ್ ಹೋಗ್ತೀವಿ. "ಶನಿವಾರ ಬೆಳಿಗ್ಗೆ 9ಕ್ಕೆ ಪ್ರೇರಿ ವರ್ಕ್‌ಡೇ, ಯಾರು ಬೇಕಾದ್ರೂ ಬನ್ನಿ" ಅಂತ ಬೋರ್ಡ್ ಹಾಕಿದಾರೆ. ಮಗಳಿಗೆ 14, ಸ್ಕೂಲಿಗೆ ಸರ್ವೀಸ್ ಅವರ್ಸ್ (ಸಮಾಜಸೇವೆ ಮಾಡಿದ ಗಂಟೆಗಳ ಲೆಕ್ಕ) ಬೇಕು. ಚಿಕ್ಕವನಿಗೆ 8. ನಾನು ದಾವಣಗೆರೆ ಪೇಟೇಲಿ ಬೆಳೆದೋನು, ಜನ್ಮದಲ್ಲಿ ಕುಡುಗೋಲು ಹಿಡಿದಿಲ್ಲ. ಹೋದ್ರೆ ಏನು ಮಾಡಿಸ್ತಾರೆ, ಏನು ಹಾಕ್ಕೊಂಡು ಹೋಗ್ಬೇಕು, ಹಾವು ಗೀವು ಇರತ್ತಾ, ಒಂದ್ಸಲ ಮುಖ ತೋರಿಸಿದ್ರೆ ಪ್ರತಿ ವಾರ ಬರಲೇಬೇಕು ಅಂತಾರಾ? ಇನ್ನೊಂದು ವಿಷ್ಯ, ಹೋದ ವಾರ ನೋಡಿದ್ರೆ ಅವರೇ ಮರ ಕಡಿದು ರಾಶಿ ಹಾಕಿ ಬೆಂಕಿ ಹಚ್ಚಿದ್ರು. ನನ್ನ ಹೆಂಡತಿ ಅಲ್ಲೇ ನಿಂತು "ಪರಿಸರ ಉಳಿಸೋರು ಮರ ಸುಡ್ತಾರಾ, ನಾನಂತೂ ಬರಲ್ಲ" ಅಂದ್ಲು. ಅನುಭವ ಇದ್ದೋರು ಹೇಳಿ ಪ್ಲೀಸ್.

ಹುಲ್ಲುಹಾದಿ:

ಹನ್ನೊಂದು ವರ್ಷದಿಂದ ಹೋಗ್ತಿದೀನಿ ಸರ್, ಮೊದಲು ನಿಮ್ಮ ಮನೆಯವರ ಪ್ರಶ್ನೆಗೇ ಬರ್ತೀನಿ, ಯಾಕಂದ್ರೆ ನನಗೂ ಮೊದಲನೇ ದಿನ ಅದೇ ಆಗಿದ್ದು. ಸ್ಕೂಲಲ್ಲಿ ವನಮಹೋತ್ಸವಕ್ಕೆ ಗುಂಡಿ ತೋಡಿ ಗಿಡ ನೆಟ್ಟೋಳು ನಾನು, ಇಲ್ಲಿ ಬಂದು ಕೈಗೆ ಗರಗಸ ಕೊಟ್ಟು ಕಡಿ ಅಂದಾಗ ಎದೆ ಧಸಕ್ ಅಂತು.

ಇಲಿನಾಯ್‌ಗೆ ಪ್ರೇರಿ ಸ್ಟೇಟ್ ಅಂತ ಹೆಸರು ಸುಮ್ನೆ ಬಂದಿದ್ದಲ್ಲ. ಇನ್ನೂರು ವರ್ಷದ ಹಿಂದೆ ಸುಮಾರು 2.2 ಕೋಟಿ ಎಕರೆ ಹುಲ್ಲೇ ಇತ್ತು, ಆಳೆತ್ತರದ ಹುಲ್ಲು. ಇವತ್ತು ಕೆಡದೆ ಚೆನ್ನಾಗಿ ಉಳಿದಿರೋದು 2,500 ಎಕರೆ ಆಸುಪಾಸು, ಅಂದ್ರೆ ಸುಮಾರು ಒಂಬತ್ತು ಸಾವಿರ ಎಕರೆಗೆ ಒಂದು ಎಕರೆ ಲೆಕ್ಕ. 1837ರಲ್ಲಿ ಇದೇ ರಾಜ್ಯದಲ್ಲಿ ಜಾನ್ ಡೀರ್ ಸ್ಟೀಲ್ ನೇಗಿಲು ಮಾಡಿದ, ಆ ಜಿಗುಟು ಕಪ್ಪು ಮಣ್ಣು ಅದಕ್ಕೆ ಬಗ್ಗಿತು, ಆಮೇಲೆ ಎಲ್ಲ ಮೆಕ್ಕೆಜೋಳ ಸೋಯಾನೇ. ಉಳಿದಿದ್ದು ಎಲ್ಲಿ ಅಂದ್ರೆ ರೈಲ್ವೆ ಹಳಿ ಪಕ್ಕ, ಹಳೇ ಸ್ಮಶಾನದ ಮೂಲೆ, ನೇಗಿಲು ಹೋಗದ ಜಾಗಗಳಲ್ಲಿ. ಇಲ್ಲಿನ ಮೂಲ ಜನ ಹುಲ್ಲಿಗೆ ಬೆಂಕಿ ಹಾಕ್ತಿದ್ರು, ಸಿಡಿಲಿನಿಂದಲೂ ಹತ್ತಿಕೊಳ್ತಿತ್ತು. ಹುಲ್ಲಿನ ಜೀವ ಬೇರಲ್ಲಿ, ಹತ್ತು ಅಡಿ ಕೆಳಗೂ ಹೋಗತ್ತೆ, ಮೇಲೆ ಸುಟ್ರೆ ಏನೂ ಆಗಲ್ಲ, ಚಿಗುರೊಡೆದು ಬರತ್ತೆ. ಬೆಂಕಿ ನಿಂತ ಮೇಲೆ ಪೊದೆ ನುಗ್ಗಿತು. ಅದರಲ್ಲಿ ಮುಖ್ಯವಾಗಿ ಬಕ್‌ಥಾರ್ನ್ ಅನ್ನೋದು, ಯುರೋಪಿಂದ ಬೇಲಿಗೆ ಅಂತ ತಂದಿದ್ದು, ಹಕ್ಕಿ ಹಣ್ಣು ತಿಂದು ಎಲ್ಲ ಕಡೆ ಹರಡಿದೆ, ಅದರ ನೆರಳಲ್ಲಿ ಒಂದು ಹೂ ಏಳಲ್ಲ. ನೀವು ನೋಡಿದ ಮರ ತೊಂಬತ್ತು ಪಾಲು ಅದೇ. ನಮ್ಮೂರಲ್ಲಿ ಲಂಟಾನ ಹೇಗೋ ಇಲ್ಲಿ ಇದು ಹಾಗೆ. ಈಗ ನವೆಂಬರ್ ಅಲ್ವಾ, ವಾಕ್ ಹೋದಾಗ ಮನೆಯವರಿಗೆ ತೋರಿಸಿ, ಬೇರೆಲ್ಲ ಬೋಳಾದ್ಮೇಲೂ ಇನ್ನೂ ಹಸಿರಾಗಿ ನಿಂತಿರೋ ಪೊದೆಗಳಲ್ಲಿ ಹೆಚ್ಚಿನವು ಅದೇ. ಕೊಂಬೆ ಕೊಯ್ದು ನೋಡಿದ್ರೆ ಒಳಗೆ ಕಿತ್ತಳೆ ಬಣ್ಣ.

ಕೆಲಸ ಏನಂದ್ರೆ ಈಗಿಂದ ಮಾರ್ಚ್ ತನಕ ಇದನ್ನ ಕಡಿಯೋದು, ಎಳೆದು ರಾಶಿ ಹಾಕೋದು, ಸುಡೋದು. ಗ್ಲೌಸು, ಲಾಪರ್ರು (ಕೊಂಬೆ ಕತ್ತರಿಸೋ ಉದ್ದ ಹಿಡಿಯ ಕತ್ತರಿ), ಗರಗಸ ಅವರೇ ಕೊಡ್ತಾರೆ. ಬುಡಕ್ಕೆ ಔಷಧಿ ಹಚ್ಚೋಕೆ ಲೈಸೆನ್ಸ್ ಇದ್ದೋರೇ ಆಗ್ಬೇಕು, ಚೈನ್‌ಸಾಗೆ ಟ್ರೈನಿಂಗ್ ಆಗಿರ್ಬೇಕು, ನಿಮ್ಮ ಕೈಗೆ ಕೊಡಲ್ಲ. ಔಷಧಿ ಹಚ್ಚದೆ ಬಿಟ್ರೆ ಒಂದು ಕಡಿದ ಜಾಗದಲ್ಲಿ ಹತ್ತು ಚಿಗುರತ್ತೆ. ಮತ್ತೆ ಒಂದು ಮಾತು, ಕಡಿಯೋವಾಗ ನೆಲಕ್ಕೆ ಸಮ ಕಡೀರಿ, ಓರೆಯಾಗಿ ಕಡಿದ್ರೆ ಮೊನಚು ಮೊಳೆ ಥರ ಉಳಿದು ಇನ್ನೊಬ್ಬರ ಬೂಟಿಗೆ ಚುಚ್ಚತ್ತೆ. ನಾನು ಮೊದಲನೇ ದಿನ ಉತ್ಸಾಹದಲ್ಲಿ ಹೇಜಲ್ ಪೊದೆ ಒಂದನ್ನ ಸಫಾಯಿ ಮಾಡ್ಬಿಟ್ಟೆ, ಅದು ಇಲ್ಲೀದೇ ಗಿಡ, ಉಳಿಸ್ಬೇಕಾಗಿದ್ದು. ಆ ಸೈಟ್ ನೋಡ್ಕೊಳೋ ಸ್ಟುವರ್ಡ್ ಅಜ್ಜಿ ಬಂದು ನೋಡಿ, "ಚಿಂತೆ ಮಾಡ್ಬೇಡ, ಅದು ಮತ್ತೆ ಬರತ್ತೆ, ನೀನೂ ಮತ್ತೆ ಬಾ" ಅಂದ್ರು. ಪ್ರತಿ ವಾರ ಬಾ ಅಂತ ಯಾರೂ ಪೀಡಿಸಲ್ಲ. ಮಕ್ಕಳ ಜೊತೆ ದೊಡ್ಡವರು ಇರ್ಬೇಕು, ಫಾರ್ಮಿಗೆ ಸೈನ್ ಹಾಕ್ಬೇಕು, ಅಷ್ಟೇ. ಅವರ್ಸ್ ಶೀಟಿಗೆ ಅವತ್ತೇ ಸೈನ್ ಮಾಡಿಸ್ಕೊಳಿ, ಆಮೇಲೆ ಇಮೇಲ್ ಮಾಡಿ ಕೇಳೋದು ತಲೆನೋವು.

ತುಂಗೆಮಡಿಲು:

ಹಾವಿನ ಬಗ್ಗೆ ಬಿಡಿ, ಕಾಣಿಸೋದು ಹೆಚ್ಚಾಗಿ ಗಾರ್ಟರ್ ಹಾವು, ಪಾಪದ್ದು, ಈ ಚಳೀಲಿ ಅದೂ ಇಲ್ಲ. ಹೆದರ್ಬೇಕಾಗಿದ್ದು ಉಣುಗಿಗೆ. ನಾನು ಶಿವಮೊಗ್ಗ ಕಡೆಯೋನು, ಉಣುಗು ಕಚ್ಚಿ ಮಂಗನ ಕಾಯಿಲೆ ಬರೋ ಊರು, ಆದ್ರೂ ಇಲ್ಲಿಗೆ ಬಂದು ಮರೆತೇಬಿಟ್ಟಿದ್ದೆ. ಇಲ್ಲಿ ಲೈಮ್ ಕಾಯಿಲೆ, ಅದನ್ನ ತರೋ ಉಣುಗು ಎಳ್ಳುಕಾಳಿಗಿಂತ ಚಿಕ್ಕದಿರ್ಬೋದು. ನವೆಂಬರಲ್ಲೂ ಬಿಸಿಲು ಬಿದ್ದ ದಿನ ಓಡಾಡ್ತಾವೆ, ಚಳಿ ಬಂತಲ್ಲ ಅಂತ ಅಸಡ್ಡೆ ಬೇಡ. ತಿಳಿ ಬಣ್ಣದ ಫುಲ್ ಪ್ಯಾಂಟು, ಅದರ ತುದಿ ಸಾಕ್ಸ್ ಒಳಗೆ ತುರುಕಿ, ನೋಡೋಕೆ ಜೋಕರ್ ಥರ ಕಾಣ್ತೀರ, ಅಲ್ಲಿ ಎಲ್ಲರೂ ಹಾಗೇ ಇರ್ತಾರೆ. ಉಣುಗು ಸಾಯಿಸೋ ಪರ್ಮೆಥ್ರಿನ್ ಸ್ಪ್ರೇ ಹಿಂದಿನ ದಿನವೇ ಬಟ್ಟೆಗೆ ಹೊಡೆದು ಒಣಗಿಸಿ, ಮೈಗಲ್ಲ ಬಟ್ಟೆಗೆ, ಮನೇಲಿ ಬೆಕ್ಕಿದ್ರೆ ಒದ್ದೆ ಇರೋವಾಗ ಹತ್ರ ಬಿಡ್ಬೇಡಿ. ಮನೆಗೆ ಬಂದ ತಕ್ಷಣ ಬಟ್ಟೆ ಡ್ರೈಯರಿಗೆ, ಮಕ್ಕಳನ್ನ ಸ್ನಾನಕ್ಕೆ ಕಳಿಸಿ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ನೋಡಿ.

ಬೇಸಿಗೇಲಿ ಹೋಗೋದಾದ್ರೆ ಇನ್ನೊಂದಿದೆ, ವೈಲ್ಡ್ ಪಾರ್ಸ್‌ನಿಪ್. ಹೂ ನೋಡಿದ್ರೆ ನಮ್ಮ ಸಬ್ಬಸಿಗೆ ಹೂವಿನ ಥರಾನೇ, ಹಳದಿ ಕೊಡೆ. ನಾನು ಹಾಗೆ ಅಂದ್ಕೊಂಡೇ ಬರಿಗೈಲಿ ಕಿತ್ತೆ. ಅದರ ರಸ ಮೈಗೆ ತಾಗಿ ಬಿಸಿಲು ಬಿದ್ರೆ ಬೊಬ್ಬೆ ಏಳತ್ತೆ, ಕುದಿಯೋ ಎಣ್ಣೆ ಸಿಡಿದಂಗೆ. ಮುಂಗೈ ಮೇಲೆ ಕಂದು ಕಲೆ ಒಂದು ವರ್ಷ ಇತ್ತು.

ಮಂಡಿನೋವು:

ಎಲ್ಲರೂ ಚೆಂದ ಚೆಂದ ಹೇಳ್ತಿದೀರ, ನಾನು ಸ್ವಲ್ಪ ಉಪ್ಪು ಹಾಕ್ತೀನಿ. ನಾನು ಒಂದು ಸೈಟಿಗೆ ಎರಡು ವರ್ಷ ಹೋಗಿ ಬಿಟ್ಬಿಟ್ಟೆ. ಹೆಸರು ಬೇಡ. ಅಲ್ಲಿ ಎಲ್ಲ ರಿಟೈರ್ ಆದ ಬಿಳಿಯರು, ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು, ಅವರವರೇ ಮಾತಾಡ್ಕೊಳೋದು, ನಾನು ಏನು ಮಾಡಿದ್ರೂ ಒಬ್ಬರು ಹಿಂದೆ ಬಂದು ಸರಿ ಮಾಡೋರು. ಕಾಫಿ ಬ್ರೇಕಲ್ಲಿ ಒಬ್ಬನೇ ನಿಂತು ಫೋನ್ ನೋಡ್ತಿದ್ದೆ. ಅದೂ ಅಲ್ದೆ ಮೊದಲನೇ ವರ್ಷ ನಾವು ಕ್ಲೀನ್ ಮಾಡಿದ ಅದೇ ಮೂಲೇಲಿ ಎರಡನೇ ವರ್ಷ ಸೊಂಟದುದ್ದ ಬಕ್‌ಥಾರ್ನ್ ಸಸಿ. ತಲೆ ಕೆಟ್ಟೋಯ್ತು.

ಆಮೇಲೆ ಸಹೋದ್ಯೋಗಿ ಒಬ್ಬ ಇನ್ನೊಂದು ಸೈಟಿಗೆ ಕರ್ಕೊಂಡು ಹೋದ, ಅಲ್ಲಿ ಸ್ಕೂಲ್ ಹುಡುಗ್ರು, ಚೀನಾದೋರು, ಮೆಕ್ಸಿಕೋದೋರು, ಗಲಾಟೆನೋ ಗಲಾಟೆ, ರಾಶಿ ಬೆಂಕೀಲಿ ಆಲೂಗಡ್ಡೆ ಸುಟ್ಟು ತಿಂತಿದ್ರು. ಅಲ್ಲಿ ನಾಲ್ಕು ವರ್ಷ ಆಯ್ತು. ಹಾಗಾಗಿ ನನ್ನ ಸಲಹೆ ಇಷ್ಟೇ, ಒಂದೇ ಸೈಟ್ ನೋಡಿ ತೀರ್ಮಾನ ಮಾಡ್ಬೇಡಿ, ಎರಡು ಮೂರು ಕಡೆ ಹೋಗಿ. ಮತ್ತೆ ಚಿಕ್ಕವನನ್ನ ಮೂರು ಗಂಟೆ ನಿಲ್ಲಿಸ್ಬೇಡಿ, ಒಂದೂವರೆ ಗಂಟೆಗೆ ಅವನ ಕಥೆ ಮುಗಿದಿರತ್ತೆ.

ಮೊರ_ಜರಡಿ:

ಚಿಕ್ಕ ಮಕ್ಕಳಿಗೆ ಬೀಜದ ಕೆಲಸ ಬೆಸ್ಟ್. ನೀವು ಅರೋರಾ ಅಂದ್ರಲ್ಲ, ಪಕ್ಕದ ಬಟೇವಿಯಾದಲ್ಲೇ ಫರ್ಮಿಲ್ಯಾಬ್ ಇದೆ. ಅಣು ಒಡೆಯೋ ಜಾಗದಲ್ಲಿ ಹುಲ್ಲೇನು ಅಂತ ಕೇಳ್ಬೇಡಿ, ಆಕ್ಸಿಲರೇಟರ್ ರಿಂಗ್ ಒಳಗಿನ ಖಾಲಿ ಜಾಗಕ್ಕೆ ರಾಬರ್ಟ್ ಬೆಟ್ಜ್ ಅನ್ನೋ ಪ್ರೊಫೆಸರ್ ಮುಂದೆ ನಿಂತು 1975ರಲ್ಲಿ ಪ್ರೇರಿ ಬೀಜ ಹಾಕಿಸಿದ್ರು. ಬೈಸನ್ (ಈ ಹುಲ್ಲುಗಾವಲಿನ ಕಾಡುದನ, ನಮ್ಮ ಕಾಟಿ ಅಲ್ಲ) ಅದಕ್ಕೂ ಮೊದಲೇ, 1969ರಿಂದ ಇದೆ. ಸೆಪ್ಟೆಂಬರ್ ಅಕ್ಟೋಬರಲ್ಲಿ ವಾಲಂಟಿಯರ್‌ಗಳನ್ನ ಕರೆದು ಬೀಜ ಕೊಯ್ಯಿಸ್ತಾರೆ. ತೆನೆ ಹಿಡಿದು ಮೇಲಕ್ಕೆ ಸರ್ರ್ ಅಂತ ಎಳೆದ್ರೆ ಬೀಜ ಅಂಗೈಗೆ. ಇದ್ದಿದ್ದನ್ನೆಲ್ಲ ಬಳ್ಕೊಬಾರದು, ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಿಡ್ಬೇಕು. ಪೇಪರ್ ಬ್ಯಾಗೇ ಆಗ್ಬೇಕು, ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಬರತ್ತೆ, ಮೇಲೆ ಗಿಡದ ಹೆಸರು, ಜಾಗ, ತಾರೀಕು. ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲಿನ ತೆನೆ ಮೂರು ಕವಲು, ಕೋಳಿ ಕಾಲಿನ ಥರ, ಮಕ್ಕಳು ಒಂದೇ ಸಲಕ್ಕೆ ಗುರುತು ಹಿಡೀತಾರೆ. ಡ್ರಾಪ್‌ಸೀಡ್ ಅಂತ ಒಂದು ಹುಲ್ಲಿದೆ, ಅದರ ವಾಸನೆ ಕೆಲವರಿಗೆ ಪಾಪ್‌ಕಾರ್ನ್, ನನಗೆ ಹುರಿದ ಕೊತ್ತಂಬರಿ ಬೀಜ.

ಅಕ್ಟೋಬರ್ ಮುಗೀತು, ಈ ವರ್ಷ ಅದು ತಪ್ಪೋಯ್ತು ನಿಮಗೆ, ಆದ್ರೆ ಬೀಜ ಕ್ಲೀನ್ ಮಾಡೋದು ಚಳಿಗಾಲದಲ್ಲಿ ಒಳಗೆ ಕೂತು. ಹೋದ ವರ್ಷ ಅಮ್ಮ ಬಂದಿದ್ರು ಹಾಸನದಿಂದ, ಮನೇಲಿ ಕೂತು ಬೇಜಾರು, ಕಿಟಕಿ ನೋಡೋದು ಬಿಟ್ರೆ ಕೆಲಸ ಇಲ್ಲ. ಕರ್ಕೊಂಡು ಹೋದೆ. ಅಲ್ಲಿ ಒಬ್ಬರು ಜರಡಿ ಇಟ್ಕೊಂಡು ಫ್ಯಾನ್ ಮುಂದೆ ಹೊಟ್ಟು ಹಾರಿಸೋಕೆ ಒದ್ದಾಡ್ತಿದ್ರು, ಬೀಜವೂ ಹಾರಿ ಹೋಗ್ತಿತ್ತು. ಅಮ್ಮ ಐದು ನಿಮಿಷ ನೋಡಿದ್ರು. ಆಮೇಲೆ "ಅಯ್ಯೋ ಹೀಗಲ್ಲ, ಒಂದು ಮೊರ ಇದ್ದಿದ್ರೆ" ಅಂದು ಅಲ್ಲಿದ್ದ ಅಗಲದ ತಟ್ಟೆ ತಗೊಂಡು ಕೇರೋಕೆ ಶುರು ಮಾಡಿದ್ರು. ಎಲ್ಲರೂ ಕೆಲಸ ಬಿಟ್ಟು ನಿಂತ್ಕೊಂಡ್ರು. ಇಂಗ್ಲಿಷ್ ಒಂದಕ್ಷರ ಬರಲ್ಲ ಅಮ್ಮಂಗೆ, ಆದ್ರೆ ಆವತ್ತು ಆರು ಜನಕ್ಕೆ ಕೇರೋದು ಹೇಳಿಕೊಟ್ರು, ಕೈ ಹಿಡಿದು. ಊರಿಗೆ ಹೋಗೋ ತನಕ ಪ್ರತಿ ಬುಧವಾರ ಬೆಳಿಗ್ಗೆ ನನಗಿಂತ ಮೊದಲೇ ರೆಡಿ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು. ಆ ಬೀಜನೆಲ್ಲ ಮರದ ಪುಡಿ ಜೊತೆ ಕಲಸಿ ಡಿಸೆಂಬರಲ್ಲಿ ಹಿಮದ ಮೇಲೇ ಎರಚಿದ್ವಿ. ಇವುಗಳಲ್ಲಿ ಬಹಳಷ್ಟಕ್ಕೆ ಚಳಿ ತಾಗದೆ ಮೊಳಕೆ ಬರಲ್ಲ. ಹಿಮ ಕರಗೋವಾಗ ತಾವೇ ಮಣ್ಣಿಗೆ ಇಳೀತಾವೆ.

ಚಳ್ಳಕೆರೆ_ಎಣ್ಣೆ:

ಮರದ ವಿಷ್ಯಕ್ಕೆ ನಂದೂ ಒಂದು ಮಾತು. ನಮ್ ಕಡೆ ಅಮೃತಮಹಲ್ ಕಾವಲು ಐತಲ್ಲ, ಸರ್ಕಾರಿ ಕಾಗದದಾಗೆ ಅದು ಬಂಜರು, ಬೀಳು. ನಮ್ ತಾತ ಅಲ್ಲಿ ದನ ಕುರಿ ಮೇಯಿಸ್ತಿದ್ರು, ಅವರಿಗೆ ಬಂಜರು ಅಲ್ಲ. ಮರ ಇಲ್ಲ ಅಂದ್ರೆ ಏನೂ ಇಲ್ಲ ಅಂತ ನಮ್ಮ ತಲೇಲಿ ಯಾರೋ ತುಂಬಿಬಿಟ್ಟವ್ರೆ. ರಾಣೆಬೆನ್ನೂರು ಅಭಯಾರಣ್ಯ ನೋಡಿ, ಕೃಷ್ಣಮೃಗಕ್ಕೆ ಅಂತ ಇರೋ ಜಾಗ, ಬಯಲಲ್ಲಿ ಓಡೋ ಪ್ರಾಣಿ ಅದು, ಅಲ್ಲಿ ತುಂಬ ನೀಲಗಿರಿ. ಇಲ್ಲಿಗೆ ಬಂದು ಹುಲ್ಲಿಗೋಸ್ಕರ ಮರ ಕಡಿಯೋ ಜನ ನೋಡಿದಾಗ ನಂಗೆ ನಗು ಬಂತು, ಆಮೇಲೆ ಯಾಕೋ ತಾತ ನೆನಪಾದ್ರು.

ಹುಲ್ಲುಹಾದಿ:

@ಚಳ್ಳಕೆರೆ_ಎಣ್ಣೆ, ಇಲ್ಲಿನ ಜನಕ್ಕೂ ಅದು ಅರ್ಥ ಆಗಿರ್ಲಿಲ್ಲ. ಶಿಕಾಗೋ ನದಿಯ ನಾರ್ತ್ ಬ್ರಾಂಚ್ ದಂಡೇಲಿ ಸ್ಟೀವ್ ಪ್ಯಾಕರ್ಡ್ ಅನ್ನೋರು ಮತ್ತೆ ವಾಲಂಟಿಯರ್‌ಗಳು 1977ರಿಂದ ಕೆಲಸ ಮಾಡ್ತಿದ್ರು, ಆದ್ರೂ 1996ರಲ್ಲಿ ಅಕ್ಕಪಕ್ಕದ ಮನೆಯವರು ಮರ ಕಡೀತಾರೆ ಅಂತ ಗಲಾಟೆ ಎಬ್ಬಿಸಿ ಶಿಕಾಗೋ ಇರೋ ಕುಕ್ ಕೌಂಟೀಲಿ ಈ ಕೆಲಸಕ್ಕೇ ತಡೆ ಬಿದ್ದಿತ್ತು. ಅದಕ್ಕೇ ಈಗ ದಾರೀಲಿ ಹೋಗೋರು ನಿಂತು ಕೇಳಿದ್ರೆ ಗರಗಸ ಕೆಳಗಿಟ್ಟು ಉತ್ತರ ಹೇಳಿ ಅಂತ ನಮಗೆ ಮೊದಲೇ ಹೇಳಿರ್ತಾರೆ. ಬೆಣ್ಣೆದೋಸೆ ಸರ್, ನಿಮ್ಮ ಮನೆಯವರು ಅವತ್ತು ಅಲ್ಲೇ ಕೇಳಿದ್ರೆ ಅರ್ಧ ಗಂಟೆ ಬಿಡ್ತಿರ್ಲಿಲ್ಲ ಅವರು.

ಒಂದು ಭಾನುವಾರ ಐ-88 ಹೈವೇ ಹಿಡಿದು ನಚೂಸಾ ಗ್ರಾಸ್‌ಲ್ಯಾಂಡ್ಸ್‌ಗೆ ಹೋಗಿ ಬನ್ನಿ, ಒಂದು ಗಂಟೆ ಚಿಲ್ಲರೆ. 1986ರಲ್ಲಿ ಶುರು ಮಾಡಿದ್ದು, ಮೆಕ್ಕೆಜೋಳದ ಹೊಲ ಆಗಿದ್ದ ಜಾಗಕ್ಕೆಲ್ಲ ವಾಲಂಟಿಯರ್‌ಗಳೇ ಬೀಜ ಕೊಯ್ದು ಬಿತ್ತಿ ಬಿತ್ತಿ ಈಗ ಸುಮಾರು ನಾಲ್ಕು ಸಾವಿರ ಎಕರೆ. 2014ರಿಂದ ಬೈಸನ್ ಕೂಡ ಇದೆ.

ಹಿತ್ತಲಗಿಡ:

ಶನಿವಾರ ಆಗದೇ ಇದ್ರೆ ಮನೆ ಹಿತ್ತಲಲ್ಲೂ ಮಾಡ್ಬೋದು, ಆದ್ರೆ ತಾಳ್ಮೆ ಬೇಕು. ನಾನು ಹತ್ತು ಅಡಿ ಹತ್ತು ಅಡಿ ಜಾಗಕ್ಕೆ ಬೀಜ ಹಾಕಿದ್ದೆ, ಮೊದಲನೇ ವರ್ಷ ಬರೀ ಕಳೆ, ಅದನ್ನ ಆಗಾಗ ಅರ್ಧ ಅಡಿಗೆ ಕತ್ತರಿಸ್ತಿರ್ಬೇಕು, ಅದು ಗೊತ್ತಿಲ್ಲದೆ ಬಿಟ್ಟೆ. ನಮ್ಮ ಯಜಮಾನ್ರು ಎರಡನೇ ವರ್ಷ ನಾನು ಊರಿಗೆ ಹೋದಾಗ "ಕ್ಲೀನ್ ಮಾಡಿದೀನಿ" ಅಂತ ಖುಷಿಯಾಗಿ ನೆಲಮಟ್ಟಕ್ಕೆ ಬೋಳಿಸಿ ಫೋಟೋ ಕಳಿಸಿದ್ರು. ಎರಡು ದಿನ ಮಾತಾಡ್ಲಿಲ್ಲ ನಾನು. ಮೂರನೇ ವರ್ಷ ಕೋನ್‌ಫ್ಲವರ್ ಬಂತು, ನಾಲ್ಕನೇ ವರ್ಷ ಚಿಟ್ಟೆ. ಸೊಸೈಟಿಯವರ ಕಡೆಯಿಂದ ಕಳೆ ಬೆಳೆಸಿದೀರಿ ಅಂತ ಎರಡು ಲೆಟರ್ ಕೂಡ ಬಂತು. ಸುತ್ತ ಇಟ್ಟಿಗೆ ಅಂಚು ಕಟ್ಟಿ ಒಂದು ಬೋರ್ಡ್ ನೆಟ್ಟೆ, ಆಮೇಲೆ ಸುಮ್ಮನಾದ್ರು. ಅದೇ ಹುಲ್ಲು, ಅಂಚು ಇದ್ರೆ ತೋಟವಂತೆ!

ಬೆಣ್ಣೆದೋಸೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಶನಿವಾರ ಹೋಗಿ ಬಂದ್ವಿ. ಹೆಂಡತಿ ಬರಲ್ಲ ಅಂದೋಳು ಮೊದಲನೇ ವಾರ ಕಾರಲ್ಲೇ ಕೂತಿದ್ಲು, ಹತ್ತು ನಿಮಿಷಕ್ಕೆ ಚಳಿ ಆಯ್ತು ಅಂತ ಬೆಂಕಿ ಹತ್ರ ಬಂದ್ಲು, ಅಲ್ಲಿದ್ದೋರ ಹತ್ರ ಯಾಕೆ ಕಡೀತೀರಿ ಅಂತ ನೇರವಾಗಿ ಕೇಳಿದ್ಲು. @ಹುಲ್ಲುಹಾದಿ ಹೇಳಿದಂಗೆ ಅರ್ಧ ಗಂಟೆ ಬಿಡ್ಲಿಲ್ಲ. ಎರಡನೇ ವಾರ ಅವಳೇ ಗರಗಸ ತಗೊಂಡ್ಲು, ನನ್ನ ಕೈಗೆ ಕೊಂಬೆ ಎಳೆಯೋ ಕೆಲಸ. ಮಗಳು ಅವರ್ಸ್ ಆಯ್ತಲ್ಲ ಬಿಡಪ್ಪ ಅಂತಿದಾಳೆ, ನೋಡೋಣ. ಚಿಕ್ಕವನು ಕಿತ್ತಳೆ ಬಣ್ಣದ ಕಟ್ಟಿಗೆ ತುಂಡು ಜೇಬಲ್ಲಿಟ್ಕೊಂಡು ಬಂದು ವಾಷಿಂಗ್ ಮಷೀನಿಗೆ ಹಾಕಿದಾನೆ.

@ಮೊರ_ಜರಡಿ, ಬೀಜ ಕ್ಲೀನಿಂಗ್ ಬುಧವಾರ ಬೆಳಿಗ್ಗೆ ಮಾತ್ರಾನಾ, ವೀಕೆಂಡ್ ಇಲ್ವಾ? ಜನವರಿಗೆ ನಮ್ಮತ್ತೆ ಬರ್ತಿದಾರೆ, ಬರೋವಾಗ ಮೊರ ತನ್ನಿ ಅಂತ ಹೇಳ್ಲಾ, ಸೂಟ್‌ಕೇಸಲ್ಲಿ ಹಿಡಿಯತ್ತಾ ಅದು? ಮತ್ತೆ ಶನಿವಾರ ಫಾಕ್ಸ್ ವ್ಯಾಲಿ ಕಡೆಯಿಂದ ಬರೋರಿದ್ರೆ ಹೇಳಿ, ವ್ಯಾನಲ್ಲಿ ಮೂರು ಸೀಟ್ ಖಾಲಿ ಇದೆ, ಎಂಟೂವರೆಗೆ ಹೊರಡ್ತೀವಿ.