ಸಹಾಯ ಬೇಕು: ಟಿಎಸ್‌ಎಚ್ 48, ಎಫ್‌ಟಿ4 ನಾರ್ಮಲ್, ಪೆಗ್ ರಿಕವರಿ ಹೇಗೆ ಲೆಕ್ಕ ಹಾಕೋದು?

ಲ್ಯಾಬ್‌ನವರು ದಯವಿಟ್ಟು ನೋಡಿ. ಒಂದು ಸೀರಮ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ನ್ನ ಪ್ರಚೋದಿಸೋ ಹಾರ್ಮೋನ್) ಲೀಟರಿಗೆ 48 ಮಿಲಿ ಯೂನಿಟ್, ಅಂದ್ರೆ ತುಂಬಾ ಜಾಸ್ತಿ; ಎಫ್‌ಟಿ4 (ಥೈರಾಯ್ಡ್ ಹಾರ್ಮೋನ್) ನಾರ್ಮಲ್, ರೋಗಿಗೆ ಯಾವ ಲಕ್ಷಣವೂ ಇಲ್ಲ. ಕಂಟ್ರೋಲ್, ಕ್ಯಾಲಿಬ್ರೇಷನ್ ಸರಿ ಇವೆ. ಬಯೋಟಿನ್ (ಒಂದು ವಿಟಮಿನ್) ಕಾರಣ ಅಲ್ಲ. ಸ್ಯಾಂಡ್‌ವಿಚ್ ವಿಧಾನದಲ್ಲಿ (ಹಾರ್ಮೋನನ್ನ ಎರಡು ಪ್ರತಿಕಾಯಗಳ ನಡುವೆ ಹಿಡಿದು ಅಳೆಯೋದು) ಅದು ಟಿಎಸ್‌ಎಚ್ ಕಡಿಮೆ ತೋರಿಸುತ್ತೆ, ಜಾಸ್ತಿ ಅಲ್ಲ. ಹೆಟೆರೋಫೈಲ್ ಬ್ಲಾಕಿಂಗ್ ಟ್ಯೂಬ್‌ನಲ್ಲೂ (ಪರೀಕ್ಷೆಗೆ ಅಡ್ಡಿ ಮಾಡೋ ಪ್ರತಿಕಾಯಗಳನ್ನ ತಡೆಯೋ ಟ್ಯೂಬ್) ಫಲಿತಾಂಶ ಬದಲಾಗ್ಲಿಲ್ಲ.

ಮ್ಯಾಕ್ರೋ ಟಿಎಸ್‌ಎಚ್ (ಪ್ರತಿಕಾಯಕ್ಕೆ ಅಂಟಿ ದೊಡ್ಡದಾದ ಟಿಎಸ್‌ಎಚ್) ಇರಬಹುದಂತ 200 ಮೈಕ್ರೋಲೀಟರ್ ಸೀರಮ್‌ಗೆ ಅಷ್ಟೇ 25% ಪೆಗ್ 6000 (ದೊಡ್ಡ ಅಣುಗಳನ್ನ ಕೆಳಗಿಳಿಸೋ ರಾಸಾಯನಿಕ) ಸೇರಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯ ರೀಡಿಂಗ್ ಎರಡರಿಂದ ಗುಣಿಸಿದೆ. ರಿಕವರಿ (ತಿಳಿಯಲ್ಲಿ ಉಳಿದ ಟಿಎಸ್‌ಎಚ್ ಪಾಲು) 22%. ಗೊಂದಲ ಇಲ್ಲೇ: ಪೆಗ್ ಮಾಮೂಲಿ ಟಿಎಸ್‌ಎಚ್‌ನ್ನೂ ಸ್ವಲ್ಪ ಕೆಳಗಿಳಿಸುತ್ತೆ. ಜೊತೆಗಿಟ್ಟ ನಿಜವಾದ ಹೈಪೋಥೈರಾಯ್ಡ್ ಸೀರಮ್‌ಗೂ 46% ಮಾತ್ರ ಬಂತು. ನೇರ ಲೆಕ್ಕದಲ್ಲಿ ಟಿಎಸ್‌ಎಚ್ 10.6, 46%ಗೆ ಸರಿಪಡಿಸಿದ್ರೆ 23! ಜೆಲ್ ಫಿಲ್ಟ್ರೇಷನ್ (ಅಣುಗಳನ್ನ ಗಾತ್ರದ ಮೇಲೆ ಬೇರ್ಪಡಿಸೋ ವಿಧಾನ) ಸೌಲಭ್ಯ ಇಲ್ಲ.

ವರದಿಗೆ ಯಾವ ಲೆಕ್ಕ ಹಿಡೀಬೇಕು? ನೀವು ಎಷ್ಟು ರಿಕವರಿಯ ಕೆಳಗೆ ಮ್ಯಾಕ್ರೋ ಅಂತ ಬರೀತೀರಿ?