ಕಲ್ಲಿದ್ದಲು ಹಡಗಿನ ಹೋಲ್ಡ್‌ಗೆ ಗಣಿಯವರ ಸೆಲ್ಫ್ ರೆಸ್ಕ್ಯೂವರ್ ನಡೀತದೇನ್ರಿ?

ಬೈನಾ ಮುಕಾದಮ, ವಾಸ್ಕೋ:

ನಮಸ್ಕಾರ್ರೀ. ಮುರಗಾಂವ್ ಬಂದರದಾಗ ಕಲ್ಲಿದ್ದಲು ಹಡಗಿನ ಹೋಲ್ಡ್‌ಗೆ (ಸರಕು ತುಂಬೋ ಆಳದ ಕೋಣಿಗೆ) ಇಳಿದು, ತಳದಾಗ ಉಳಿದ ಪುಡಿ ಕೆರೆದು ಗುಡ್ಡಿ ಹಾಕೋ ಗ್ಯಾಂಗಿನ ಸಲುವಾಗಿ ಕೇಳಾಕತ್ತೀನಿ. 8 ಮಂದಿ, ಬಹಳಷ್ಟು ಗದಗ, ಬಾಗಲಕೋಟಿ ಕಡೆಯವರು. ಕಲ್ಲಿದ್ದಲು ಗಣಿಯವರು ಸೊಂಟಕ್ಕ ಕಟ್ಟಿಕೊಳ್ಳೋ ಉಸಿರಿನ ಸ್ಟೀಲ್ ಡಬ್ಬಿ, ಅದಕ್ಕ ಸೆಲ್ಫ್ ರೆಸ್ಕ್ಯೂವರ್ ಅಂತಾರ, ಗುಜರಿಯಾಗ ಅಗ್ಗಕ್ಕ ಸಿಗತಾವ. 2 ತಗೊಂಡು ಇಟ್ಟರ, ಒಳಗ ಯಾರರ ಬಿದ್ದಾಗ ಒಬ್ಬಾವ ಹಾಕ್ಕೊಂಡು ಇಳಿದು ಎತ್ತಿ ತರಬಹುದೇನು? ಗುತ್ತಿಗೆದಾರ "ಹ್ಯಾಚ್ (ಹೋಲ್ಡಿನ ಮ್ಯಾಲಿನ ಬಾಯಿ) ತೆರದದ, ಗಾಳಿ ಆಡತದ" ಅಂತಾನ. ಅಷ್ಟು ಸಾಕೇನು?

ಲ್ಯಾಂಪ್‌ರೂಮ್, ಪುಣೆ:

ಬೇಡ ಅಣ್ಣಾ. ಅದು ಓಡಿ ಹೊರಬರೋಕೆ ಮಾಡಿದ ಡಬ್ಬಿ, ಒಳಗೆ ಹೋಗೋಕಲ್ಲ. ಗಣಿಯಲ್ಲೂ ಅದನ್ನು ಬಾಯಿಗೆ ಕಚ್ಚಿಸಿ, ಬಿದ್ದವನನ್ನು ಎತ್ತೋಕೆ ಯಾರನ್ನೂ ಕಳಿಸಲ್ಲ.

ಅದರಲ್ಲಿ ಎರಡು ಜಾತಿ. ಹಳೆಯದು ಫಿಲ್ಟರಿನದು. ಒಳಗಿರೋದು ಹಾಪ್ಕಲೈಟ್, ಅಂದರೆ ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಯನ್ನು ಕಾರ್ಬನ್ ಡೈಆಕ್ಸೈಡ್ ಮಾಡೋದಷ್ಟೇ ಅದರ ಕೆಲಸ, ಆಮ್ಲಜನಕ ಕೊಡಲ್ಲ. ನಿಮ್ಮ ಹೋಲ್ಡಿನ ರೋಗವೇ ಬೇರೆ: ಮುಚ್ಚಿದ ಜಾಗದಲ್ಲಿ ಕಲ್ಲಿದ್ದಲು ತಾನೇ ಗಾಳಿಯ ಆಮ್ಲಜನಕ ತಿಂದುಬಿಡುತ್ತೆ. ಹೊಗೆ ಇಲ್ಲ, ವಾಸನೆ ಇಲ್ಲ. ಅಲ್ಲಿ ಫಿಲ್ಟರ್ ಡಬ್ಬಿ ಕಚ್ಚಿಕೊಂಡವನೂ ಬರಿಬಾಯಲ್ಲಿ ಇಳಿದವನೂ ಒಂದೇ.

ಎರಡನೆಯದರಲ್ಲಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಇರುತ್ತೆ. ಉಸಿರಿನ ತೇವ ತಾಗಿದರೆ ಆಮ್ಲಜನಕ ಬಿಡುತ್ತೆ, ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತೆ. ಹಾಕೋ ಕ್ರಮ: ಕೊಂಡಿ ಎತ್ತಿ ಮುಚ್ಚಳ ಕಿತ್ತು, ಬಾಯಿತುಂಡನ್ನು ತುಟಿಯೊಳಗೆ ಕಚ್ಚಿ, ಮೂಗಿಗೆ ಕ್ಲಿಪ್ ಹಾಕಿ, ಚೀಲ ಉಬ್ಬಿತಾ ನೋಡಿ, ಆಮೇಲೆ ನಡೆಯೋದು. ಉಬ್ಬದಿದ್ದರೆ ಹೊರಗಿನ ಗಾಳಿ ಎಳೆದು ಡಬ್ಬಿಯೊಳಗೆ ನಾಲ್ಕಾರು ಸಲ ಊದಬೇಕು. ಆಮ್ಲಜನಕವೇ ಇಲ್ಲದ ಕಡೆ ಆ ಹೊರಗಿನ ಗಾಳಿಯ ಎರಡು ಉಸಿರಿಗೇ ಆಳು ಉರುಳಬಹುದು. ಕೆಲಸ ಶುರುವಾದ ಮೇಲೆ ಒಳಗೆಳೆಯೋ ಗಾಳಿ ಬಿಸಿಯಾಗುತ್ತೆ. ಕೆಟ್ಟಿದೆ ಅಂದುಕೊಂಡು ಉಗುಳಬಾರದು, ಬಿಸಿ ಅಂದರೆ ನಡೀತಿದೆ ಅಂತ.

ಗಣಿಯಲ್ಲಿ ಸಾಮಾನ್ಯವಾಗಿ ಬಳಸೋದು 30 ನಿಮಿಷದ ಡಬ್ಬಿ, ಅದೂ ನಡೆದು ಬರೋ ಲೆಕ್ಕಕ್ಕೆ. ಪ್ರಜ್ಞೆ ಇಲ್ಲದವನನ್ನು ಏಣಿ ಮೇಲೆ ಎಳೆಯೋವಾಗ ಉಸಿರು ಎಷ್ಟು ಏರುತ್ತೆ ಅಂತ ನಿಮಗೇ ಗೊತ್ತು. ಡಬ್ಬಿ ಅಷ್ಟು ವೇಗಕ್ಕೆ ಕೊಡಲ್ಲ, ಚೀಲ ಚಪ್ಪಟೆಯಾಗುತ್ತೆ. "ಹಿಡಿ, ಎಳಿ" ಅನ್ನೋಕೆ ಬಾಯಿ ತೆಗೆದರೂ ಮುಗೀತು.

ಗುಜರಿ ಮಾಲು ಯಾಕೆ ಬೇಡ ಅಂದರೆ, ಸೀಲ್ ಹೋದ ಡಬ್ಬಿ ತೇವ ಕುಡಿದು ಸತ್ತಿರುತ್ತೆ. ಅಲುಗಿಸಿದಾಗ ಗಲಗಲ ಅಂದರೆ, ತಗ್ಗು ಬಿದ್ದಿದ್ದರೆ ಮುಟ್ಟಲೇಬೇಡಿ. ಇನ್ನೊಂದು, ಎರಡನೆಯ ಜಾತಿಯ ಡಬ್ಬಿ ಒಡೆದು ಅದರ ಪುಡಿ ಕಲ್ಲಿದ್ದಲ ಪುಡಿಗೆ ಬೆರೆತರೆ ಬೆಂಕಿ ಹತ್ತುತ್ತೆ. ಹೋಲ್ಡಿನಲ್ಲಿ ಅದನ್ನು ಎಸೆಯೋದು ಅಂದರೆ ಕಡ್ಡಿ ಗೀರಿ ಎಸೆದ ಹಾಗೆ.

ಗಣಿ ರೆಸ್ಕ್ಯೂ ತಂಡ ಬಳಸೋದು ಬಿಜಿ 4 ಥರದ, ಬೆನ್ನಿಗೆ ಹೊರೋ ಉಸಿರಾಟದ ಸೆಟ್. 2 ಲೀಟರ್ ಸಿಲಿಂಡರು, 200 ಬಾರ್ ಒತ್ತಡ, ಅಂದರೆ 400 ಲೀಟರ್ ಆಮ್ಲಜನಕ. ಬಿಟ್ಟ ಉಸಿರನ್ನೇ ಸೋಡಾಲೈಮಿನಲ್ಲಿ (ಕಾರ್ಬನ್ ಡೈಆಕ್ಸೈಡ್ ಹೀರೋ ಸುಣ್ಣದಲ್ಲಿ) ತೊಳೆದು, ಮಂಜುಗಡ್ಡೆ ಮೇಲೆ ತಣಿಸಿ ಮತ್ತೆ ಕೊಡೋದರಿಂದ 4 ಗಂಟೆ ಬರುತ್ತೆ. ಹೋಗೋದು 5-6 ಜನರ ತಂಡ. ಒಳ್ಳೆಯ ಗಾಳಿ ಮುಗಿಯೋ ಕಡೆ ಇನ್ನೊಂದು ತಂಡ ಉಡುಪು ತೊಟ್ಟು ಸಿದ್ಧ ಕೂತಿರುತ್ತೆ. ಯಾರ ಗೇಜು ಎಲ್ಲರಿಗಿಂತ ಕೆಳಗಿದೆಯೋ ಅವನ ಲೆಕ್ಕಕ್ಕೇ ತಂಡ ಪೂರ್ತಿ ಹಿಂದಿರುಗುತ್ತೆ.

ಹ್ಯಾಚ್‌ಕವರ್, ಮುಂಬೈ:

ಗುತ್ತಿಗೆದಾರರ ಮಾತಿಗೆ ಉತ್ತರ: ಸಾಲದು. ಹ್ಯಾಚ್ ಪೂರ್ತಿ ತೆರೆದಿದ್ದರೂ ಹೋಲ್ಡಿಗೆ ಇಳಿಯುವ ಮೂಲೆಯ ಸುತ್ತುಮೆಟ್ಟಿಲಿನ ಗೂಡು ಬೇರೆಯೇ ಕೋಣೆ. ಅದರ ಕೆಳಬಾಯಿ ಕಲ್ಲಿದ್ದಲಿನಲ್ಲಿ ಹೂತಿರುತ್ತದೆ, ಮೇಲ್ಬಾಯಿಯಲ್ಲಿ ಮುಚ್ಚಳ. ಹಡಗು ಬಂದಷ್ಟು ದಿನವೂ ಅಲ್ಲಿನ ಗಾಳಿ ಅಲ್ಲಿಯೇ. ಆಳುಗಳು ಬೀಳುವುದು ಹೋಲ್ಡಿನ ತಳಕ್ಕಿಂತ ಮೊದಲು ಈ ಗೂಡಿನಲ್ಲಿ. ಬಿದ್ದವನನ್ನು ಮೇಲಿನಿಂದಲೇ ಎಳೆಯುವ ಟ್ರೈಪಾಡ್ (ಮುಕ್ಕಾಲಿ), ಹಗ್ಗ ನೇರ ಕೆಳಗಿಳಿಯುವ ಬಾಯಿಗೆ ಸರಿ, ಸುತ್ತುಮೆಟ್ಟಿಲಿನಲ್ಲಿ ಹಗ್ಗ ಸಿಕ್ಕಿಕೊಳ್ಳುತ್ತದೆ.

ಗಾಳಿ ಅಳೆಯುವಾಗ ಗ್ಯಾಸ್ ಮೀಟರನ್ನು ಗೂಡಿನ ಮೇಲ್ಬಾಯಿಯಲ್ಲಷ್ಟೇ ಹಿಡಿದು ನೋಡಿದರೆ ಪ್ರಯೋಜನವಿಲ್ಲ. ಕೊಳವೆ ಇಳಿಸಿ ಮೇಲೆ, ನಡುವೆ, ತಳ ಮೂರೂ ಕಡೆ ನೋಡಿ. ಮೀಥೇನ್ ಹಗುರ, ಮೇಲೆ ಸೇರುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯ ತೂಕವೇ, ಎಲ್ಲ ಕಡೆ ಹರಡಿರುತ್ತದೆ. ಕೊಳವೆ ಉದ್ದವಾದಷ್ಟೂ ಕಾಯಬೇಕು, ಇಲ್ಲವಾದರೆ ನೀವು ಓದುವುದು ಡೆಕ್ಕಿನ ಗಾಳಿಯನ್ನು.

ಮೊದಲು ಆಮ್ಲಜನಕದ ಅಂಕಿ ಓದಿ. ಮೀಥೇನನ್ನು ಸುಟ್ಟು ಅಳೆಯುವ ಸೆನ್ಸರಿಗೂ ಆಮ್ಲಜನಕ ಬೇಕು. ಅದು ತೀರ ಕಡಿಮೆಯಿದ್ದರೆ ಮೀಥೇನ್ ತುಂಬಿದ್ದರೂ ಮೀಟರ್ ಕಡಿಮೆ ತೋರಿಸಬಹುದು. ನಮ್ಮ ಕಲ್ಲಿದ್ದಲು ಗಣಿಗಳ ನಿಯಮದಲ್ಲಿ ಆಮ್ಲಜನಕ 19%ಗಿಂತ ಇಳಿಯಬಾರದು, ಮಾನಾಕ್ಸೈಡ್ 50 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 50) ದಾಟಬಾರದು. ಹಡಗಿನಲ್ಲಿ ಆ 19ಕ್ಕೆ ತೃಪ್ತರಾಗಬೇಡಿ. ಹೊರಗಿನ ಗಾಳಿಯಂತೆ 20.9% ಬಾರದಿದ್ದರೆ ಏನೋ ಆಮ್ಲಜನಕವನ್ನು ತಿನ್ನುತ್ತಿದೆ, ಫ್ಯಾನ್ ಹಾಕಿ ಮತ್ತೆ ಅಳೆಯಿರಿ. ಕೆರೆದಂತೆ ಹೊಸ ಕಲ್ಲಿದ್ದಲು ತೆರೆದುಕೊಳ್ಳುವುದರಿಂದ ಮೀಟರ್ ಗ್ಯಾಂಗಿನ ಜೊತೆಯಲ್ಲೇ ಇರಲಿ.

ಎತ್ತಲು ಇಳಿಯುವವನಿಗೆ ಬೇಕಾದದ್ದು ಬೆನ್ನಿಗೆ ಕಟ್ಟುವ ಗಾಳಿ ಸೆಟ್, ಅದನ್ನು ತೊಟ್ಟು ಅಭ್ಯಾಸವಿರುವ ಆಳು. 6.8 ಲೀಟರ್, 300 ಬಾರ್ ಸಿಲಿಂಡರು ಶ್ರಮದ ಕೆಲಸದಲ್ಲಿ 40 ನಿಮಿಷದ ಆಸುಪಾಸು. ಗಡ್ಡವಿದ್ದರೆ ಮುಖವಾಡ ಕೂರುವುದಿಲ್ಲ.

ಬೈನಾ ಮುಕಾದಮ, ವಾಸ್ಕೋ:

ತಿಳೀತ್ರಿ, ಡಬ್ಬಿ ಕೈಬಿಟ್ಟೆ. ಮ್ಯಾಲೆ ತಂದಾವಗ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದ್ರ ಸಾಕಲ್ರಿ?

ಲ್ಯಾಂಪ್‌ರೂಮ್, ಪುಣೆ:

ಅದನ್ನು ನಂಬಬೇಡಿ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕದ ರಕ್ತ ಅಂತಲೇ ಓದುತ್ತೆ. 98 ತೋರಿಸ್ತಾ ಇರುತ್ತೆ, ಆಳು ಸಾಯ್ತಾ ಇರ್ತಾನೆ. ಉಸಿರಿದ್ದರೆ ಮಲಗಿಸಿ ಮುಖವಾಡದಲ್ಲಿ ಪೂರ್ತಿ ಆಮ್ಲಜನಕ ಕೊಡಿ, ಚೇತರಿಸಿಕೊಂಡ ಅಂತ ನಡೆಸಬೇಡಿ. ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್. ಆಸ್ಪತ್ರೆಯಲ್ಲಿ "ಕಲ್ಲಿದ್ದಲ ಹೋಲ್ಡ್, ಕಾರ್ಬಾಕ್ಸಿ ಹಿಮೋಗ್ಲೋಬಿನ್ (ಮಾನಾಕ್ಸೈಡ್ ಹಿಡಿದ ರಕ್ತದ ಪ್ರಮಾಣ) ನೋಡಿ" ಅಂತ ಬಾಯಿಬಿಟ್ಟು ಹೇಳಿ.

1989ರ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜಿನ ಮಹಾಬೀರ್ ಕಲ್ಲಿದ್ದಲು ಗಣಿಗೆ ನೀರು ನುಗ್ಗಿದಾಗ, ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ರಂಧ್ರ ಕೊರೆಸಿ, ಉಕ್ಕಿನ ಕ್ಯಾಪ್ಸೂಲ್ ಇಳಿಸಿ 65 ಜನರನ್ನು ಒಬ್ಬೊಬ್ಬರನ್ನಾಗಿ ಎತ್ತಿದರು. ಮೂರು ದಿನ ಹಿಡಿಯಿತು. ಅಲ್ಲಿ ಉಸಿರಾಡೋ ಗಾಳಿ ಇತ್ತು, ಕಾಯೋಕೆ ಆಯಿತು. ನಿಮ್ಮ ಗೂಡಿನಲ್ಲಿ ಇರೋದು ನಿಮಿಷಗಳು.

ಗಣಿಯಿಂದ ತರೋದಾದರೆ ಡಬ್ಬಿ ಬಿಟ್ಟು ಬಿಲ್ಲೆ ತನ್ನಿ. ಇಳಿಯೋ ಪ್ರತಿಯೊಬ್ಬನೂ ತನ್ನ ನಂಬರಿನ ಬಿಲ್ಲೆಯನ್ನು ಮ್ಯಾನ್‌ಹೋಲ್ (ಗೂಡಿಗೆ ಇಳಿಯೋ ಮೇಲ್ಬಾಯಿ) ಹತ್ತಿರ ನಿಂತವನಿಗೆ ಕೊಡಲಿ, ಅವನು ಮೊಳೆಗೆ ಹಾಕಲಿ, ಹತ್ತಿ ಬಂದವನು ತಾನೇ ತೆಗೆದುಕೊಳ್ಳಲಿ. ಆ ಕಾವಲಿನವನಿಗೆ ಬೇರೆ ಕೆಲಸ ಹಚ್ಚಬೇಡಿ, ಚಹಾ ತರೋಕೂ ಕಳಿಸಬೇಡಿ. ಮೊಳೆಯಲ್ಲಿ ಒಂದು ಬಿಲ್ಲೆ ಉಳಿದಿದ್ದರೂ ಮುಚ್ಚಳ ಹಾಕೋಕೆ ಬಿಡಬೇಡಿ.